ಕೋಣೆಗಿಂತ ಹಜಾರ ದೊಡ್ಡದು

ಶ್ರೀಲಂಕಾದ ಕಂದಲಮ ಹೋಟೆಲಿನಲ್ಲಿ ಕೋಣೆಯ ಕಡೆಗೆ ನಡೆಯುತ್ತಿದ್ದರೆ ಮೊಗಸಾಲೆಯ ಒಂದು ಪಕ್ಕದ ಗೋಡೆ ಇದ್ದಕ್ಕಿದ್ದಂತೆ ಮುಗಿದು ಬಂಡೆ ಶುರುವಾಗುತ್ತದೆ. ಅಲಂಕಾರಕ್ಕೆ ತಂದಿಟ್ಟ ಬಂಡೆಯಲ್ಲ, ಗುಡ್ಡದ ಮೈಯೇ ಅದು. ಹಿಂದಿನ ರಾತ್ರಿ ಮಳೆ ಹೊಯ್ದಿತ್ತು. ಕೈಯಿಟ್ಟರೆ ತಣ್ಣಗೆ ನೀರು ಜಿನುಗುತ್ತಿತ್ತು, ಸಂದಿನಲ್ಲಿ ಪಾಚಿ. ಇನ್ನೊಂದು ಪಕ್ಕ ಪೂರಾ ಬಯಲು. ಕಂಬಗಳಿಗೆ ಹಬ್ಬಿದ ಬಳ್ಳಿಗಳ ನಡುವೆ ಕೆರೆ ಕಾಣುತ್ತದೆ. ಈ ಮೊಗಸಾಲೆಗೆ ಏಸಿ ಇಲ್ಲ, ಬಾಗಿಲು ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಐಷಾರಾಮಿ ಹೋಟೆಲಿಗೆ ಬಂದು ಬೆವರುವುದೇ ಎಂದು ಮೊದಲ ದಿನ ಅನಿಸಿತು. ಎರಡನೇ ದಿನ ಕೋಣೆಯೊಳಗೆ ಕೂರಲು ಮನಸ್ಸಾಗಲಿಲ್ಲ.

ಇದನ್ನು ಕಟ್ಟಿದವರು ಜೆಫ್ರಿ ಬಾವಾ. 1919ರಲ್ಲಿ ಹುಟ್ಟಿ, ವಕೀಲಿ ಓದಿ, ಅದು ರುಚಿಸದೆ, 1948ರಲ್ಲಿ ಬೆಂಟೋಟದ ಹತ್ತಿರ ಲುನುಗಂಗ ಎಂಬ ರಬ್ಬರ್ ತೋಟ ಕೊಂಡು, ಅದನ್ನು ತಿದ್ದುತ್ತ ತಿದ್ದುತ್ತ ತನಗೆ ವಾಸ್ತುಶಿಲ್ಪ ಬಾರದು ಎಂಬುದನ್ನು ಕಂಡುಕೊಂಡವರು. ಲಂಡನ್ನಿಗೆ ಹೋಗಿ ಕಲಿತು 1957ರಲ್ಲಿ ವಾಸ್ತುಶಿಲ್ಪಿಯಾದಾಗ ವಯಸ್ಸು ನಲವತ್ತರ ಹತ್ತಿರ. ದ್ವೀಪದ ತುಂಬ ಅವರ ಹೋಟೆಲುಗಳಿವೆ. ಎಲ್ಲ ಕಡೆ ತಂಗುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಎರಡು ಕಡೆ ತಂಗಿದೆ, ಉಳಿದ ಕಡೆ ಟೀ ಕುಡಿದೆ. ಒಂದು ಕಪ್ ಟೀಯ ನೆಪದಲ್ಲಿ ಗಂಟೆಗಟ್ಟಲೆ ಕೂತು ಕಂಬ ಎಣಿಸಬಹುದು ಎನ್ನುವುದು ವಿಮರ್ಶಕನ ಪುಣ್ಯ. ಹೀಗೆ ಕೂತು ಕೂತು ನನಗೆ ಹೊಳೆದದ್ದು ಇಷ್ಟು: ಬಾವಾ ದುಡ್ಡು ಸುರಿದದ್ದು ಕೋಣೆಗಲ್ಲ, ಕೋಣೆಗೆ ಹೋಗುವ ದಾರಿಗೆ. ಹಾಗಾಗಿ ಈ ಹೋಟೆಲುಗಳನ್ನು ಹೋಲಿಸುವಾಗ ಹಾಸಿಗೆ, ಬಾತ್‌ಟಬ್, ಬೆಳಗಿನ ತಿಂಡಿ ಎಂದು ಅಂಕ ಹಾಕುತ್ತ ಕೂತರೆ ಕೈಗೆ ಏನೂ ಸಿಗುವುದಿಲ್ಲ.

ಬೆಂಟೋಟ ಬೀಚ್ ಹೋಟೆಲ್ 1969ರದ್ದು. ನಮ್ಮ ತೊಟ್ಟಿಮನೆ ಕಂಡವರಿಗೆ ಅದರ ಜೀವ ಎಲ್ಲಿದೆ ಎಂದು ಹೇಳಿಕೊಡಬೇಕಿಲ್ಲ: ನಡುವೆ ನೀರು ತುಂಬಿದ ತೊಟ್ಟಿ, ಸುತ್ತ ಜಗಲಿ, ಮೇಲೆ ಹೆಂಚು. ಸ್ವಾಗತ ಹಜಾರದಲ್ಲಿ ತಲೆಯೆತ್ತಿದರೆ ಕಲಾವಿದೆ ಎನಾ ಡಿ ಸಿಲ್ವಾ ಅವರ ಬಾಟಿಕ್ ಬಟ್ಟೆಯ ಒಳಛಾವಣಿ. ಕಲ್ಲು, ಮರ, ಕೈಮಗ್ಗ, ಎಲ್ಲವೂ ಅಲ್ಲಿಯದೇ. ಈಗಿರುವುದು ಬಹುಪಾಲು ಮರುಕಟ್ಟಿದ ಕಟ್ಟಡ; ಬಣ್ಣ ಇನ್ನೂ ತಾಜಾ, ಅಂಚುಗಳು ಇನ್ನೂ ಚೂಪು. ತೊಟ್ಟಿ ಸವೆಯಲು ಅದಕ್ಕೆ ಇನ್ನೂ ಕೆಲವು ಮಳೆಗಾಲ ಬೇಕು.

ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿರುವ ಅಹುಂಗಲ್ಲದ ಹೋಟೆಲಿಗೆ 1981ರಲ್ಲಿ ಟ್ರೈಟನ್ ಎಂದು ಹೆಸರಿತ್ತು. ಇದು ಒಂದೇ ಒಂದು ಗೆರೆಯ ಕಟ್ಟಡ. ಕಾರಿನಿಂದ ಇಳಿದರೆ ಎದುರಿಗೆ ಕೊಳ, ಆಮೇಲೆ ಹೊಳೆಯುವ ನೆಲದ ಹಜಾರ, ಆಮೇಲೆ ಈಜುಕೊಳ, ಆಮೇಲೆ ಹಿಂದೂ ಮಹಾಸಾಗರ. ನಾಲ್ಕೂ ಒಂದೇ ಮಟ್ಟದಲ್ಲಿ ಹಾಸಿದಂತೆ ಕಾಣುತ್ತವೆ. ಈಜುಕೊಳದ ಅಂಚು ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂದು ಕಣ್ಣು ತಡಕಾಡುತ್ತದೆ. ದುರದೃಷ್ಟವೆಂದರೆ ಈ ಚಮತ್ಕಾರವನ್ನು ಆಮೇಲೆ ಜಗತ್ತೇ ಬಳಸಿ ಹಳಸಿಬಿಟ್ಟಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲೂ ಈಗ ಅಂಚಿಲ್ಲದ ಕೊಳವಿದೆ. ಅದರ ಆಚೆಗೆ ಇನ್ನೊಂದು ಅಪಾರ್ಟ್‌ಮೆಂಟ್. ಅಹುಂಗಲ್ಲಕ್ಕೆ ಹೋದವರು ಕೊಳದ ಹತ್ತಿರ ನಿಲ್ಲದೆ ಹಿಂದಕ್ಕೆ, ಬಾಗಿಲಿಗೇ, ವಾಪಸು ಬಂದು ನೋಡಬೇಕು. ಬಾವಾ ಬರೆದ ಗೆರೆ ಅಲ್ಲಿಂದ ಹೊರಡುತ್ತದೆ. ನಕಲು ಮಾಡಿದವರು ಅದರ ಕೊನೆಯ ಮೂವತ್ತು ಅಡಿಯನ್ನಷ್ಟೇ ಕದ್ದರು.

ಗಾಲೆಯ ಲೈಟ್‌ಹೌಸ್ ಹೋಟೆಲ್ 1997ರದ್ದು, ಬಾವಾ ಎಂಬತ್ತರ ಹತ್ತಿರ ಬಂದಿದ್ದಾಗಿನದು. ಇಲ್ಲಿ ಸಮುದ್ರ ಸಾಧುವಲ್ಲ. ಬಂಡೆಗೆ ಬಂದು ಅಪ್ಪಳಿಸುತ್ತದೆ, ಈಜಲು ಆಗದು. ಅದಕ್ಕೇ ಇರಬೇಕು, ಹೋಟೆಲ್ ಕೂಡ ಕೋಟೆಯ ಹಾಗೆ ಮುಖ ಬಿಗಿದುಕೊಂಡು ನಿಂತಿದೆ. ಒಳಗೆ ಹೋಗಲು ತಗ್ಗಾದ, ಕತ್ತಲೆಯ ಬಾಗಿಲು. ಅಲ್ಲಿಂದ ಗುಂಡಗಿನ ಗೋಪುರದೊಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು. ಮೆಟ್ಟಿಲಿನ ಕಟಾಂಜನದ ಜಾಗದಲ್ಲಿ ಯುದ್ಧ ನಡೆಯುತ್ತಿದೆ! ಲಕಿ ಸೇನಾನಾಯಕೆ ಲೋಹದಲ್ಲಿ ಮಾಡಿದ ಆಳೆತ್ತರದ ಸೈನಿಕರು ಈಟಿ ಹಿಡಿದು, ಕುದುರೆ ಏರಿ, ಒಬ್ಬರ ಮೇಲೊಬ್ಬರು ಬೀಳುತ್ತ ಮೇಲಿನವರೆಗೂ ಹೋಗುತ್ತಾರೆ. ಇದು 1630ರ ರಂದೇಣಿಯ ಕಾಳಗ. ಕ್ಯಾಂಡಿಯ ಸೇನೆ ಪೋರ್ಚುಗೀಸರನ್ನು ಸೋಲಿಸಿ ಅವರ ಗವರ್ನರನನ್ನೇ ಕೊಂದದ್ದು ಅಲ್ಲಿ. ಯುರೋಪಿನಿಂದ ರಜೆಗೆ ಬಂದವರು ತಮ್ಮ ಸೂಟ್‌ಕೇಸಿನ ಹಿಂದೆ ಈ ಸೋಲಿನ ನಡುವೆಯೇ ಹತ್ತಿ ಹೋಗಬೇಕು. ನನ್ನ ಮುಂದೆ ಹತ್ತುತ್ತಿದ್ದ ಮಗುವೊಂದು ಕುದುರೆಯ ಮೂಗಿಗೆ ಕೈಯಿಟ್ಟು ನಿಂತುಬಿಟ್ಟಿತು. ತಾಯಿ ಕರೆದರೂ ಕದಲಲಿಲ್ಲ. ಮೆಟ್ಟಿಲು ಮುಗಿದ ಕೂಡಲೇ ಬೆಳಕು, ಗಾಳಿ, ಅಲೆಯ ಸದ್ದು ಒಟ್ಟಿಗೇ ಮುಖಕ್ಕೆ ಹೊಡೆಯುತ್ತವೆ. ನಾಟಕೀಯ, ಒಪ್ಪಿದೆ. ಸ್ವಲ್ಪ ಜಾಸ್ತಿಯೇ ನಾಟಕೀಯ. ಇಷ್ಟು ದೊಡ್ಡ ಪೀಠಿಕೆಯ ಮುಂದೆ ಕಥೆ ಸಪ್ಪೆಯಾಗುವ ಹಾಗೆ, ಆ ಮೆಟ್ಟಿಲು ಹತ್ತಿದ ಮೇಲೆ ಉಳಿದ ಹೋಟೆಲ್ ಸುಮ್ಮನೆ ಒಳ್ಳೆಯ ಹೋಟೆಲ್ ಅನಿಸುತ್ತದೆ.

ಬಾವಾ ನಂತರದ ದಾರಿ ಬೇರೆ. ತಂಗಲ್ಲೆಯಲ್ಲಿ ವಾಸ್ತುಶಿಲ್ಪಿ ಕೆರಿ ಹಿಲ್ ಕಟ್ಟಿದ ಅಮನ್‌ವೆಲ್ಲ 2005ರಲ್ಲಿ ತೆರೆಯಿತು. ಒಳಗೆ ಕಾಲಿಡುವ ಯೋಗ ನನಗೆ ಬರಲಿಲ್ಲ. ನಕ್ಷೆ, ಫೋಟೊ ನೋಡಿ ಹೇಳುತ್ತಿದ್ದೇನೆ, ಅಷ್ಟರ ಮಟ್ಟಿಗೆ ನನ್ನ ಮಾತಿಗೆ ರಿಯಾಯಿತಿ ಇರಲಿ. ಗೆರೆಗಳು ಶುದ್ಧ, ತೆಂಗಿನ ತೋಪಿಗೆ ನೋವಾಗದಂತೆ ಕೂರಿಸಿದ್ದಾರೆ. ಇರುವುದು ಮೂವತ್ತೇ ಸೂಟ್, ಪ್ರತಿಯೊಂದಕ್ಕೂ ತನ್ನದೇ ಪುಟ್ಟ ಕೊಳ. ನನ್ನ ತಕರಾರು ಈ ಪುಟ್ಟ ಕೊಳದ ಬಗ್ಗೆ. ಮನೆಮನೆಗೂ ಒಂದೊಂದು ಬಾವಿ ತೋಡಿದರೆ ಬಾವಿಕಟ್ಟೆಯ ಮಾತು ನಿಂತುಹೋಗುತ್ತದೆ. ಬಾವಾ ಅವರ ಹೋಟೆಲಿನಲ್ಲಿ ಅಪರಿಚಿತರು ಒಂದೇ ಜಗಲಿಯಲ್ಲಿ ಕೂತು ಮಳೆ ನೋಡುತ್ತಾರೆ. ಇಲ್ಲಿ ಮಳೆಯೂ ಅವರವರದ್ದೇ.

ಮತ್ತೆ ಕಂದಲಮಕ್ಕೆ ಬರುತ್ತೇನೆ, ಯಾಕೆಂದರೆ ಇವೆಲ್ಲದರಲ್ಲಿ ಒಂದನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುವುದು. ಹೋಟೆಲ್ ಮಾಡಿಸುವವರು ಮೊದಲು ತೋರಿಸಿದ ಜಾಗ ಹಳೆಯ ಬಂಡೆಕೋಟೆ ಸಿಗಿರಿಯದ ಬುಡ. ಬಾವಾ ಒಪ್ಪಲಿಲ್ಲ. ಹೆಲಿಕಾಪ್ಟರ್ ತರಿಸಿ, ಸುತ್ತಿ, ದಂಬುಲ್ಲದ ಹತ್ತಿರ ಕಂದಲಮ ಕೆರೆಯ ಮೇಲಿನ ಗುಡ್ಡದ ಪಕ್ಕೆಯನ್ನು ಆರಿಸಿದರು. ಈಗ ಸಿಗಿರಿಯ ಕೆರೆಯಾಚೆ, ದೂರದಲ್ಲಿ, ಹೆಬ್ಬೆರಳಿನಷ್ಟು ಕಾಣುತ್ತದೆ. ಹತ್ತಿರ ಹೋಗದೆ ನೋಡುವ ಈ ಸಂಕೋಚವೇ ಆ ಕಟ್ಟಡದ ಗುಣ. ಒಂದು ಕಿಲೋಮೀಟರಿಗೆ ಹತ್ತಿರದ ಉದ್ದ, 152 ಕೋಣೆಗಳು, ಆದರೂ ಎಲ್ಲಿಂದಲೂ ಇಡಿಯಾಗಿ ಕಾಣುವುದಿಲ್ಲ. ಗುಡ್ಡದಿಂದ ಇಳಿಯುವ ನೀರು ಕೆಳಗೇ ಹರಿದುಹೋಗಲಿ ಎಂದು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಛಾವಣಿಯ ಮೇಲೆ ಗಿಡ, ಮುಂಭಾಗಕ್ಕೆ ಬಳ್ಳಿ. ಬಾಲ್ಕನಿಗೆ ಬಂದ ಕೋತಿಯೊಂದು ನನ್ನನ್ನು ನೋಡಿದ ರೀತಿಯಲ್ಲಿ, ಬಾಡಿಗೆದಾರ ಯಾರು ಎಂಬ ಬಗ್ಗೆ ಅದಕ್ಕೆ ಯಾವ ಅನುಮಾನವೂ ಇರಲಿಲ್ಲ.

ಆದರೆ ಇದೇ ಕಟ್ಟಡ ಏಳುವಾಗ, 1992ರಲ್ಲಿ, ಭಿಕ್ಷುಗಳು, ಹಳ್ಳಿಯವರು, ಪರಿಸರದವರು ಬೀದಿಗಿಳಿದಿದ್ದರು. ಕೆರೆ ಕೆಡುತ್ತದೆ, ದಂಬುಲ್ಲದ ಗುಹಾ ದೇವಾಲಯದ ಪಾವಿತ್ರ್ಯ ಕೆಡುತ್ತದೆ ಎಂಬುದು ಅವರ ಭಯ. ಹೋಟೆಲ್ ಆಯಿತು, ಪರಿಸರಸ್ನೇಹಿ ಎಂಬ ಲೀಡ್ ಪ್ರಮಾಣಪತ್ರವೂ ಬಂತು, ಬಾವಾ ಅಭಿಮಾನಿಗಳು ಆ ಪತ್ರವನ್ನೇ ಉತ್ತರವೆಂಬಂತೆ ತೋರಿಸುತ್ತಾರೆ. ನನಗೆ ಅದು ಪೂರ್ತಿ ಉತ್ತರ ಅನಿಸುವುದಿಲ್ಲ. ಕೆರೆ ಅಂದರೆ ಏನು ಎಂದು ಬಯಲುಸೀಮೆಯವನಿಗೆ ಯಾರೂ ಹೇಳಬೇಕಿಲ್ಲ: ಏರಿ, ತೂಬು, ಕೋಡಿ, ಕೆಳಗೆ ಗದ್ದೆ, ಯಾರ ಸರದಿ ಯಾವಾಗ ಎಂಬ ಜಗಳ. ಸಿಂಹಳದವರು ‘ವೆವ’ ಎನ್ನುವುದೂ ಇದನ್ನೇ. ಹೋಟೆಲಿನ ಕೊಳದ ಅಂಚಿನಿಂದ ನೋಡಿದರೆ ಇದರಲ್ಲಿ ಒಂದೂ ಕಾಣದು. ಕೊಳದ ನೀರು ಸೀದಾ ಕೆರೆಯ ನೀರಿಗೆ ಸೇರಿದಂತೆ ಕಂಡು, ಕೆರೆ ಬರೀ ನೋಟವಾಗಿ ಉಳಿಯುತ್ತದೆ. ಬಾವಾ ಗೋಡೆಯನ್ನು ಅಳಿಸಿದರು ನಿಜ. ಅದರ ಜೊತೆಗೆ ಕೆರೆಯ ದುಡಿಮೆಯೂ ಅಳಿಸಿಹೋಯಿತು.

ಹೊರಡುವ ಹಿಂದಿನ ಸಂಜೆ ಆಟೊ ಹಿಡಿದು ಕೆರೆಯ ಆಚೆ ದಡಕ್ಕೆ ಹೋದೆ. ಹಗಲಿದ್ದಷ್ಟು ಹೊತ್ತು ಹೋಟೆಲ್ ಎಲ್ಲಿದೆ ಎಂದೇ ತಿಳಿಯಲಿಲ್ಲ, ಬರೀ ಹಸಿರು ಗುಡ್ಡ. ಕತ್ತಲಾಗುತ್ತಿದ್ದಂತೆ ಒಂದು ದೀಪ, ಆಮೇಲೆ ನಾಲ್ಕು, ಆಮೇಲೆ ಅಂತಸ್ತಿನ ಮೇಲೆ ಅಂತಸ್ತು, ಗುಡ್ಡದ ಉದ್ದಕ್ಕೂ. ನಿಂತ ಹಡಗಿನ ಹಾಗೆ ಅದು ಪೂರ್ತಿ ಎದ್ದು ಕಂಡಿತು. ಕೆಳಗೆ ಸೊಂಟದುದ್ದ ನೀರಿನಲ್ಲಿ ಒಬ್ಬ ತಲೆಗೆ ಸೋಪು ಹಚ್ಚಿಕೊಳ್ಳುತ್ತಿದ್ದ, ದೀಪಗಳಿಗೆ ಬೆನ್ನು ಹಾಕಿ. ದಡದಲ್ಲಿಟ್ಟ ಚಪ್ಪಲಿಯ ಕಡೆಗೇ ಅವನ ಕಣ್ಣು. ಹತ್ತಿರದಲ್ಲಿ ನಾಯಿಯೊಂದು ಸುಳಿದಾಡುತ್ತಿತ್ತು.