ಗುಡ್ಡದ ಭಂಡಾರ, ಸಾಬೂನಿನ ಕೆಂಪು

ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿಳಿದವರ ಧೋತರಕ್ಕೆ ಭಂಡಾರ, ಅಂದರೆ ಅರಿಸಿನದ ಪುಡಿ, ಮೆತ್ತಿರುತ್ತದೆ. ಆ ಹಳದಿಗೆ ಸಾಬೂನು ತಾಗಿದ ಕೂಡಲೇ ಕಡುಗೆಂಪು. ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ. ಬಿಸಿಲಿಗೆ ಹರವಿದರೆ ಅದೂ ಮಾಸುತ್ತದೆ. ಬಣ್ಣದ ಹುಚ್ಚಿದ್ದವರಿಗೆ ಜಾತ್ರೆಗಿಂತ ಮರುದಿನದ ಒಗೆತವೇ ರಸವತ್ತು.

ಈ ಆಟವೆಲ್ಲ ಅರಿಸಿನದ ಕರ್ಕ್ಯುಮಿನ್‌ನದು. ವೋಗೆಲ್ ಮತ್ತು ಪೆಲೆಟಿಯೆ ಇದನ್ನು ಬೇರ್ಪಡಿಸಿದ್ದು 1815ರಲ್ಲಿ. ರಚನೆ ತಿಳಿದದ್ದು 1910ರಲ್ಲಿ. ಅಣುವಿನ ಎರಡೂ ತುದಿಗೆ ಒಂದೊಂದು ಬೆಂಜೀನ್ ಉಂಗುರ, ಪ್ರತಿ ಉಂಗುರದಲ್ಲೂ ಒಂದು ಹೈಡ್ರಾಕ್ಸಿಲ್ ಗುಂಪು, ಅದರ ಪಕ್ಕದಲ್ಲೇ ಒಂದು ಮೀಥಾಕ್ಸಿ ಗುಂಪು. ಸಾಬೂನಿನ ಕ್ಷಾರವೋ ಸುಣ್ಣವೋ ಪ್ರೋಟಾನನ್ನು ಕಿತ್ತುಕೊಂಡರೆ ಎಲೆಕ್ಟ್ರಾನುಗಳು ಅಣುವಿನುದ್ದಕ್ಕೂ ಹರಡುತ್ತವೆ. ಅಣು ಹೀರುವ ಬೆಳಕು ನೀಲಿಯಿಂದ ಹಸಿರಿನತ್ತ ಸರಿಯುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಹಿಂದೆಯೂ ಇದೇ ರಸಾಯನ.

ಸೊಗಸು ಇರುವುದು ಮೀಥಾಕ್ಸಿಯಲ್ಲಿ. ಅರಿಸಿನದಲ್ಲಿ ಒಂದೇ ವಂಶದ ಮೂರು ಅಣುಗಳಿವೆ: ಎರಡು ಮೀಥಾಕ್ಸಿ ಇರುವ ಕರ್ಕ್ಯುಮಿನ್, ಒಂದೇ ಇರುವ ಡಿಮೀಥಾಕ್ಸಿಕರ್ಕ್ಯುಮಿನ್, ಒಂದೂ ಇಲ್ಲದ ಬಿಸ್‌ಡಿಮೀಥಾಕ್ಸಿಕರ್ಕ್ಯುಮಿನ್. ಹೈಡ್ರಾಕ್ಸಿಲ್ ತನ್ನ ಜಲಜನಕವನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದರಲ್ಲಿ ಈ ಮೀಥಾಕ್ಸಿಯ ಕೈವಾಡವಿದೆ. ನೀರಿನ ಆಮ್ಲಜನಕ–ಜಲಜನಕ ಬಂಧ ಮುರಿಯಲು ಮೋಲ್‌ಗೆ ಸುಮಾರು 497 ಕಿಲೊಜೌಲ್ ಬೇಕು. ಅದೇ ಬಂಧ ಬೆಂಜೀನ್ ಉಂಗುರದ ಮೇಲೆ ಕುಳಿತರೆ, ಅಂದರೆ ಫೀನಾಲ್‌ನಲ್ಲಿ, ಸುಮಾರು 365 ಸಾಕು. ಪಕ್ಕದ ಮೀಥಾಕ್ಸಿ ಉಂಗುರಕ್ಕೆ ಎಲೆಕ್ಟ್ರಾನು ಬಿಟ್ಟುಕೊಡುವುದರಿಂದ, ಜಲಜನಕ ಹೋದ ಮೇಲೆ ಉಳಿಯುವ ರ‍್ಯಾಡಿಕಲ್‌ಗೆ ಇನ್ನಷ್ಟು ಸ್ಥಿರತೆ ಸಿಗುತ್ತದೆ. ಬಂಧ ಮತ್ತಷ್ಟು ಸಡಿಲ. ಪುಂಡ ರ‍್ಯಾಡಿಕಲ್‌ಗಳನ್ನು ತಡೆಯುವ ಪರೀಕ್ಷೆಗಳಲ್ಲಿ ಮೂವರಲ್ಲಿ ಕರ್ಕ್ಯುಮಿನ್ ಮುಂದು, ಮೀಥಾಕ್ಸಿ ಇಲ್ಲದ್ದು ಹಿಂದು.

ಈ ಧಾರಾಳತನಕ್ಕೆ ಬೆಲೆಯೂ ಇದೆ. ಮೈಬಿಸಿಯಷ್ಟು ಕಾವಿನ, ಕ್ಷಾರದತ್ತ ತುಸು ವಾಲಿದ ದ್ರಾವಣದಲ್ಲಿ ಕರ್ಕ್ಯುಮಿನ್ ಬಹುಪಾಲು ಅರ್ಧ ಗಂಟೆಯಲ್ಲೇ ಒಡೆದುಹೋಗುತ್ತದೆ. ಮೀಥಾಕ್ಸಿ ಇಲ್ಲದ ಅಣು ಹೆಚ್ಚು ಹೊತ್ತು ಬಾಳುತ್ತದೆ. ಅರಿಸಿನದ ಗುಳಿಗೆಗಳ ಜಾಹೀರಾತುಗಳು ಈ ಮಾತನ್ನು ಎತ್ತುವುದು ಅಪರೂಪ.

ಬೈಲಹೊಂಗಲ, ಕಿತ್ತೂರಿನ ಸಂತೆಯಲ್ಲಿ ಪುಡಿ ಕೊಳ್ಳುವವರು ಸಾಬೂನಿನ ಕೆಂಪನ್ನು ಕಂಡು ನಂಬಿಬಿಡಬಾರದು. ಕಲಬೆರಕೆಯ ಮೆಟಾನಿಲ್ ಯೆಲ್ಲೊ ಕ್ಷಾರದಲ್ಲಿ ಹಳದಿಯಾಗಿಯೇ ಇದ್ದರೂ, ಜೊತೆಯಲ್ಲಿರುವ ಅಸಲಿ ಅರಿಸಿನ ಕೆಂಪಾಗಿ ಅದನ್ನು ಮುಚ್ಚುತ್ತದೆ. ಅದನ್ನು ಹಿಡಿಯಲು ಹೈಡ್ರೋಕ್ಲೋರಿಕ್ ಆಮ್ಲವೇ ಬೇಕು: ಎರಡೂ ಗುಲಾಬಿಗೆ ತಿರುಗುತ್ತವೆ, ನೀರು ಬೆರೆಸಿದಾಗ ಅರಿಸಿನದ ಗುಲಾಬಿ ಹೋಗುತ್ತದೆ, ಮೆಟಾನಿಲ್‌ನದು ನಿಲ್ಲುತ್ತದೆ.