ಕೆಂಪಾದ ಫೋಟೋ, ಕಾಣದ ಕೈ

ನಿಮ್ಮ ಮನೆಯಲ್ಲಿ ಎಪ್ಪತ್ತರ ದಶಕದ ಕಲರ್ ಫೋಟೋಗಳ ಆಲ್ಬಮ್ ಇದ್ದರೆ ಒಮ್ಮೆ ತೆಗೆದು ನೋಡಿ. ಅಮ್ಮನ ಹಸಿರು ಸೀರೆ ಕಂದು, ಆಕಾಶ ತಿಳಿಗುಲಾಬಿ, ಎಲ್ಲರ ಮುಖವೂ ಕೆಂಪು. "ಆ ಕಾಲದ ಬಣ್ಣಾನೇ ಚೆಂದ" ಅಂತೀವಿ. ಫೋನಿನಲ್ಲಿ ಅದೇ ಬಣ್ಣ ಬರೋ ಫಿಲ್ಟರ್ ಹಾಕ್ತೀವಿ. ಆದರೆ ಆ ಕಾಲದಲ್ಲಿ ಅದು ಹಾಗಿರಲಿಲ್ಲ. ಕಲರ್ ಪ್ರಿಂಟಿನಲ್ಲಿ ಹಳದಿ, ಮಜೆಂಟಾ, ಸಯಾನ್ ಅಂತ ಮೂರು ಬಣ್ಣಗಳಿರುತ್ತವೆ. ಆಗಿನ ಎಷ್ಟೋ ಪ್ರಿಂಟ್‌ಗಳಲ್ಲಿ, ಆಲ್ಬಮಿನ ಕತ್ತಲಲ್ಲಿಟ್ಟರೂ ಸಯಾನ್ ಮೊದಲು ಮಾಸಿಹೋಯಿತು. ಉಳಿದದ್ದು ಕೆಂಪು. ನಾವು ನೆನಪು ಅಂತ ಮುದ್ದು ಮಾಡ್ತಿರೋದು ಆ ಮಾಸಿದ ಬಣ್ಣವನ್ನೇ.

ಫಿಲ್ಮ್ ಮತ್ತೆ ಫ್ಯಾಷನ್ ಆಗಿದೆ. "ಫಿಲ್ಮ್ ಅಂದರೆ ಅಸಲಿ, ಡಿಜಿಟಲ್ ಅಂದರೆ ಕೃತಕ" ಅನ್ನೋ ಮಾತಿನ ಬಗ್ಗೆ ನನ್ನ ತಕರಾರಿದೆ. ಪಾರ್ಕ್ ರಾಯಲ್‌ನ ಗೋದಾಮುಗಳ ನಡುವಿನ ನನ್ನ ಫ್ಲ್ಯಾಟಿನಲ್ಲಿ ನಾನೂ ರೀಲು ತೊಳೀತೀನಿ. 1972ರಲ್ಲಿ ಕೊಡಕ್ ತಂದ ಸಿ-41 ವಿಧಾನ. ಟಬ್ಬಿನಲ್ಲಿ ಬಿಸಿನೀರು, ಅದರಲ್ಲಿ ಬಾಟಲಿಗಳು. ಸುಮಾರು 38 ಡಿಗ್ರಿಯ ಡೆವಲಪರ್‌ನಲ್ಲಿ ಮೂರೂಕಾಲು ನಿಮಿಷ. ಆಮೇಲೆ ಬ್ಲೀಚ್, ಫಿಕ್ಸ್, ತೊಳೆಯೋದು. ಇಷ್ಟೆಲ್ಲ ಆದಮೇಲೆ ಕೈಗೆ ಬರೋದು ಕಿತ್ತಳೆ ಬಣ್ಣದ ನೆಗೆಟಿವ್. ಸೀರೆ ಎಷ್ಟು ಹಸಿರಾಗಬೇಕು ಅಂತ ಅದು ಹೇಳೋದಿಲ್ಲ. ಅದನ್ನು ತೀರ್ಮಾನಿಸೋದು ಸ್ಕ್ಯಾನ್ ಮಾಡೋರು, ಪ್ರಿಂಟ್ ಹಾಕೋರು. ಒಂದೇ ನೆಗೆಟಿವ್ ಎರಡು ಲ್ಯಾಬಿಗೆ ಕೊಟ್ಟು ನೋಡಿ, ಎರಡು ಥರದ ಹಸಿರು ಬರಬಹುದು. ಅಂದರೆ ಕಲರ್ ಫೋಟೋದಲ್ಲಿ ಕ್ಯಾಮೆರಾ ಹಿಡಿದವರ ಜೊತೆ ಇನ್ನೊಬ್ಬರ ಕೈಯೂ ಇರುತ್ತೆ. ಆ ಕೈ ಯಾರದ್ದು?

ಇಲ್ಲೇ ಪಕ್ಕದ ವಿಲ್ಸ್‌ಡನ್‌ನಲ್ಲಿ ಗ್ರನ್‌ವಿಕ್ ಅನ್ನೋ ಫೋಟೋ ಲ್ಯಾಬ್ ಇತ್ತು. ಜನ ರೀಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕೋರು, ಪ್ರಿಂಟ್ ಅಂಚೆಯಲ್ಲೇ ಬರೋದು. ಅಲ್ಲಿ ದುಡೀತಿದ್ದವರಲ್ಲಿ ಬಹಳಷ್ಟು ಮಂದಿ ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಹೆಂಗಸರು. ಬೇಸಿಗೆ ರಜೆ ಬಂತೆಂದರೆ ರೀಲುಗಳ ರಾಶಿ, ಅದರ ಜೊತೆ ಕಡ್ಡಾಯದ ಓವರ್‌ಟೈಮ್. 1976ರ ಆಗಸ್ಟ್‌ನಲ್ಲಿ ಜಯಾಬೆನ್ ದೇಸಾಯಿ "ಸಾಕು" ಅಂತ ಹೊರನಡೆದರು. ಮುಷ್ಕರ ಸುಮಾರು ಎರಡು ವರ್ಷ ನಡೀತು. ಕ್ರಿಕಲ್‌ವುಡ್‌ನ ಅಂಚೆ ನೌಕರರು ಕಂಪನಿಯ ಟಪಾಲು ಮುಟ್ಟಲಿಲ್ಲ. 1977ರ ಬೇಸಿಗೆಯಲ್ಲಿ ಸಾವಿರಾರು ಜನ ಗೇಟಿನ ಮುಂದೆ ಸೇರಿದರು. ನ್ಯಾಯಮೂರ್ತಿ ಸ್ಕಾರ್ಮನ್ ವಿಚಾರಣೆ ನಡೆಸಿ, ಕೆಲಸದಿಂದ ತೆಗೆದವರನ್ನು ವಾಪಸ್ ತಗೊಳ್ಳಿ ಎಂದು ಶಿಫಾರಸು ಮಾಡಿದರು. ಕಂಪನಿ ಒಪ್ಪಲಿಲ್ಲ. 1978ರ ಜುಲೈನಲ್ಲಿ ಮುಷ್ಕರ ಸೋತು ನಿಂತಿತು.

ಈ ಹೋರಾಟದ ಹೆಸರಾಂತ ಫೋಟೋಗಳನ್ನು ನೀವು ನೋಡಿರಬಹುದು. ಪೊಲೀಸರ ಸಾಲಿನ ಎದುರು ಸೀರೆಯುಟ್ಟ ಪುಟ್ಟ ಆಕೃತಿಯ ಜಯಾಬೆನ್. ಆಗಿನ ಪತ್ರಿಕೆಗಳ ರೂಢಿಯಂತೆ ಅವು ಕಪ್ಪುಬಿಳುಪು. ಊರಿಗೆಲ್ಲ ಬಣ್ಣದ ಫೋಟೋ ಕಳಿಸಿದ ಹೆಂಗಸರ ಸೀರೆಯ ಬಣ್ಣ ನಮಗೆ ಕಾಣೋದಿಲ್ಲ. ಆದರೂ ಪತ್ರಿಕೆಗಳು ಅವರನ್ನು ಗುರುತಿಸಿದ್ದು "ಸೀರೆಯ ಮುಷ್ಕರಗಾರರು" ಅಂತಲೇ. ಉಡುಗೆ ಕಂಡಿತು, ಕಸುಬು ಕಾಣಲಿಲ್ಲ. ಆಲ್ಬಮ್ ನೋಡುವಾಗ ನಾವು ಮಾಡೋ ತಪ್ಪೂ ಇದೇ ಅಲ್ವಾ?

ಹಾಗಂತ ರೀಲು ತೊಳೆಯೋ ಹವ್ಯಾಸ ಬಿಡಿ ಅಂತ ಹೇಳ್ತಿಲ್ಲ. ಕೈಯಾರೆ ತೊಳೆದರೆ ಕೆಲಸದ ಕಷ್ಟ ತಿಳಿಯುತ್ತೆ. ಆದರೆ ನನ್ನ ಮೂರೂಕಾಲು ನಿಮಿಷ ಭಾನುವಾರದ ಸಂತೋಷ, ಅವರದು ದಿನವಿಡೀ ದುಡಿಮೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ಲ್ಯಾಬಿಗೆ ಕೊಟ್ಟರೆ ಅವಮಾನವೇನಿಲ್ಲ. ನೆಗೆಟಿವ್ ಮಾತ್ರ ತಪ್ಪದೆ ವಾಪಸ್ ಕೇಳಿ ಪಡೀರಿ, ಕವರಿನ ಮೇಲೆ ತಾರೀಖು, ಊರು, ಹೆಸರು ಬರೆದಿಡಿ.

ಇನ್ನು ಆ ಕೆಂಪು ಫೋಟೋ. ಸ್ಕ್ಯಾನ್ ಮಾಡಿ ಸಯಾನ್ ಸೇರಿಸಿದರೆ ಸೀರೆ ಮತ್ತೆ ಹಸಿರಾಗಬಹುದು. ಎಷ್ಟು ಹಸಿರಿತ್ತು ಅಂತ, ಅಮ್ಮ ಇದ್ದರೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.