ಸ್ಕಿಯಾವೋನೆಯ ಗೆರೆ ಮತ್ತು ವಸಾರಿಯ ಅಳತೆಗೋಲು

ಹದಿನಾರನೆಯ ಶತಮಾನದ ವೆನಿಸ್ಸಿನಲ್ಲಿ ‘ಸ್ಕಿಯಾವೋನೆ’ ಎಂದರೆ ಸ್ಲಾವ್. ಆಡ್ರಿಯಾಟಿಕ್ ಕಡಲಿನ ಆಚೆ ದಡದ ಡಾಲ್ಮೇಶಿಯಾದವನು. ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಜಾದರ್ ಪಟ್ಟಣದಿಂದ ಬಂದ ಆಂದ್ರೆಯಾ ಮೆಲ್ದೊಲ್ಲಾನನ್ನು (ಮರಣ 1563) ರಾಜಧಾನಿ ಗುರುತಿಸಿದ್ದು ಈ ಹೆಸರಿನಿಂದ. ಅವನ ಮನೆತನದ ಮೂಲವಾದರೋ ಇಟಲಿಯದೇ ಆದ ಮೆಲ್ದೊಲಾ ಊರು. ‘ಹೆಲೆನಳ ಅಪಹರಣ’ (1547) ಎಂಬ ತನ್ನ ಅಚ್ಚುಚಿತ್ರಕ್ಕೆ ಅವನು ಮೆಲ್ದೊಲ್ಲಾ ಎಂದೇ ಸಹಿ ಹಾಕಿದ. ಮುಂದೆ, ಅಚ್ಚುಚಿತ್ರಗಳ ಮೆಲ್ದೊಲ್ಲಾ ಬೇರೆ, ವರ್ಣಚಿತ್ರಗಳ ಸ್ಕಿಯಾವೋನೆ ಬೇರೆ ಎಂದು ವಾದಿಸಿದ ವಿದ್ವಾಂಸರೂ ಇದ್ದರು.

ಹೆಸರಿಗಿಂತ ಹೆಚ್ಚು ಬಾಧಿಸಿದ್ದು ‘ಇವನಿಗೆ ರೇಖೆ ಬಾರದು’ ಎಂಬ ಅಪಖ್ಯಾತಿ. ಕಲಾವಿದರ ಜೀವನಚರಿತ್ರೆಗಳ 1568ರ ಆವೃತ್ತಿಯಲ್ಲಿ ವಸಾರಿ, ಸ್ಕಿಯಾವೋನೆಯಿಂದ ಒಳ್ಳೆಯ ಕೃತಿಯಾದದ್ದು ಕೈತಪ್ಪಿನಿಂದ ಎಂಬ ಧಾಟಿಯಲ್ಲಿ ಬರೆದ. 1540ರಲ್ಲಿ ಇದೇ ಕೈಯಿಂದ ದೊಡ್ಡದೊಂದು ಯುದ್ಧಚಿತ್ರ ಬರೆಸಿಕೊಂಡವನೂ ಅದೇ ವಸಾರಿ! ಅರೆತೀನೊ 1548ರ ಪತ್ರದಲ್ಲಿ ಅವನ ಕೈಚುರುಕನ್ನು ಕೊಂಡಾಡಿಯೂ ಇನ್ನಷ್ಟು ನಯಗೊಳಿಸುವಂತೆ ಬುದ್ಧಿ ಹೇಳಿದ.

ವಸಾರಿಯ ಅಳತೆಗೋಲು ಫ್ಲಾರೆನ್ಸಿನದು. ಅಲ್ಲಿ ಹೊರಗೆರೆ ಮೊದಲು ಸ್ಥಿರವಾಗಬೇಕು, ಉಳಿದದ್ದು ಅದಕ್ಕೆ ಅಧೀನ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ, ಕ್ಯುಪಿಡ್ ಸೈಕಿಯನ್ನು ದೇವತೆಗಳ ಮುಂದೆ ನಿಲ್ಲಿಸುವ ರೇಖಾಚಿತ್ರ ಆ ನಿಯಮವನ್ನು ತಲೆಕೆಳಗು ಮಾಡುತ್ತದೆ. ಕುಂಚದ ತೆಳು ಶಾಯಿ ಹರಡಿದ ಮೇಲೆ ಬಿಳಿ ಬಣ್ಣದ ಎಳೆಗಳು ಬೆಳಕನ್ನು ತರುತ್ತವೆ. ಮೈಗಳು ಆ ನೆರಳು-ಬೆಳಕಿನ ನಡುವಿನಿಂದ ರೂಪುಗೊಳ್ಳುತ್ತವೆ. ಮನುಷ್ಯಕನ್ಯೆಯೊಬ್ಬಳು ಅಮರರ ಪಂಕ್ತಿಗೆ ಸೇರುವ ಅಪುಲೇಯಸನ ಕಥೆಗೆ ಇದಕ್ಕಿಂತ ತಕ್ಕ ರೀತಿ ಇರಲಾರದು: ಅಲ್ಲಿ ದೇಹವೇ ಇನ್ನೂ ಆಗುತ್ತಿರುವಂಥದ್ದು. ಗೆರೆ ಮುಗಿಸಿದ್ದರೆ ಅವಳು ಬರಿಯ ಪ್ರತಿಮೆಯಾಗಿ ನಿಲ್ಲುತ್ತಿದ್ದಳು.

ಆದರೂ ಅವನ ಎಲ್ಲ ಸಡಿಲತೆಯನ್ನೂ ಗುಣವೆನ್ನಲಾಗದು. ನೀಳ ಕುತ್ತಿಗೆ, ಸಪೂರ ಕೈಕಾಲು ಪಾರ್ಮಿಜಾನೀನೊನಿಂದ ಪಡೆದ ಎರವಲು. ಅವನನ್ನೇ ನೇರ ಅನುಸರಿಸಿದ ಕೆಲವು ಅಚ್ಚುಗಳಲ್ಲಿ ಅವಸರವಷ್ಟೇ ಕಾಣುತ್ತದೆ. ಎರವಲನ್ನು ಕರಗಿಸಿಕೊಂಡಲ್ಲಿ ಮಾತ್ರ ಸ್ಕಿಯಾವೋನೆ ತನ್ನವನಾಗುತ್ತಾನೆ. ತರುಣ ತಿಂತೊರೆತ್ತೊ ಅವನಿಂದ ಕಲಿತದ್ದು ಈ ಬಿರುಸಿನ ಕುಂಚವನ್ನೇ.

ವೆನಿಸ್ಸಿನ ಕೊರ್ರೆರ್ ಸಂಗ್ರಹಾಲಯ 2015ರಲ್ಲಿ ಅವನ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅದರ ಶೀರ್ಷಿಕೆಯಲ್ಲಿಯೂ ಅವನು ‘ಪಾರ್ಮಿಜಾನೀನೊ, ತಿಂತೊರೆತ್ತೊ, ತಿತ್ಸಿಯಾನೊ ಇವರ ನಡುವೆ’ ನಿಂತಿದ್ದ.